ಅಂಚುಗಲ್ಲಿಗೆ ಬಡಿದ ಗಾಲಿ: ಕಾಣದ ಗಾಯ, ಕೇಳುವವರಿಲ್ಲದ ನಷ್ಟ

ಬೆಂಗಳೂರಿನ ರಸ್ತೆಗಳ ದುಃಸ್ಥಿತಿ 2025ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರಮಟ್ಟದ ಚರ್ಚೆಗೆ ಬಂತು. ಹೊರವರ್ತುಲ ರಸ್ತೆಯಲ್ಲಿದ್ದ ಸರಕು ಸಾಗಣೆ ಕ್ಷೇತ್ರದ ಕಂಪೆನಿಯೊಂದು ತನ್ನ ಕಚೇರಿಯನ್ನು ಅಲ್ಲಿಂದ ತೆರವುಗೊಳಿಸುವುದಾಗಿ ಪ್ರಕಟಿಸಿದ್ದೇ ಅದಕ್ಕೆ ನೆಪ. ಅದೇ ತಿಂಗಳ 22ರಿಂದ ಟಯರ್‌ಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದು ವಾಹನ ಮಾಲೀಕರಿಗೆ ಕೊಂಚ ನೆಮ್ಮದಿಯೂ ದೊರೆಯಿತು. ರಸ್ತೆಗುಂಡಿಯ ಬಗ್ಗೆ ಎದ್ದ ಕೂಗಿನಲ್ಲಾಗಲಿ, ತೆರಿಗೆ ಇಳಿಕೆಯ ಸಂತಸದಲ್ಲಾಗಲಿ ಪ್ರಸ್ತಾಪಕ್ಕೆ ಬಾರದ ಸಂಗತಿಯೊಂದಿದೆ. ಫುಟ್‌ಪಾತ್‌ನ ಅಂಚುಗಲ್ಲಿಗೋ ರಸ್ತೆ ವಿಭಜಕದ ತುದಿಗೋ ಗಾಲಿ ಬಡಿದು, ಇನ್ನೂ ಸವೆಯದ ಟಯರ್ ಒಂದೇ ಏಟಿಗೆ ನಿರುಪಯುಕ್ತವಾಗುವುದು ಆ ಸಂಗತಿ.

ಮಳೆಗಾಲದಲ್ಲಿ ನಗರದ ಯಾವುದೇ ಟಯರ್ ಅಂಗಡಿಯ ಮುಂದೆ ನಿಂತು ನೋಡಿದರೂ ಇದಕ್ಕೆ ಸಾಕ್ಷ್ಯ ದೊರೆಯುತ್ತದೆ. ಬದಿಗೆ ಒಟ್ಟಿದ ಹಳೆಯ ಟಯರ್‌ಗಳಲ್ಲಿ ಹಲವು ಸವೆದು ಬಂದವಲ್ಲ. ಗೀರುಗಳು ಇನ್ನೂ ಆಳವಾಗಿಯೇ ಇರುತ್ತವೆ, ಪಕ್ಕದಲ್ಲಿ ಮಾತ್ರ ಅಂಗೈಯಗಲದ ಉಬ್ಬು ಎದ್ದಿರುತ್ತದೆ. ಇಂತಹ ಹಾನಿಯಲ್ಲಿ ಯಾರಿಗೂ ಗಾಯವಾಗಿರುವುದಿಲ್ಲ, ಆದ್ದರಿಂದ ಪೊಲೀಸರ ದಾಖಲೆಯಲ್ಲಿ ಅದು ಅಪಘಾತವಲ್ಲ. ವಿಮಾ ಪತ್ರದ ಸಣ್ಣ ಅಕ್ಷರಗಳಲ್ಲಿ ಅದು ಹೊರಗಿಟ್ಟ ಬಾಬ್ತು. ರಸ್ತೆಯನ್ನು ನಿರ್ಮಿಸಿದವರಿಗೆ ಅದರ ವರದಿಯೂ ಹೋಗುವುದಿಲ್ಲ. ಆದರೆ ಅದೇ ಟಯರ್ ಮುಂದೊಂದು ದಿನ ಹೆದ್ದಾರಿಯಲ್ಲಿ ಸಿಡಿದರೆ ಕಾನೂನು ಬೆರಳು ತೋರಿಸುವುದು ವಾಹನದ ಮಾಲೀಕನ ಕಡೆಗೆ ಮಾತ್ರ. ಪೆಟ್ಟು ಬಿದ್ದ ದಿನಕ್ಕೂ ಟಯರ್ ಸಿಡಿಯುವ ದಿನಕ್ಕೂ ನಡುವಿನ ಅವಧಿಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಸರಿಯಾಗಿ ಅರಿತರೆ ಈ ವ್ಯವಸ್ಥೆಯ ಲೋಪ ಎಲ್ಲಿದೆ ಎಂಬುದೂ ಸ್ಪಷ್ಟವಾಗುತ್ತದೆ.

ಪೆಟ್ಟು ಬೀಳುವುದು ಎಲ್ಲಿಗೆ?

ಹೊರನೋಟಕ್ಕೆ ಟಯರ್ ಎಂದರೆ ದಪ್ಪ ರಬ್ಬರಿನ ಬಳೆ. ವಾಸ್ತವದಲ್ಲಿ ಅದರ ಬಲವಿರುವುದು ರಬ್ಬರಿನಲ್ಲಿ ಅಲ್ಲ, ಒಳಗೆ ಹುದುಗಿರುವ ಎಳೆಗಳಲ್ಲಿ. ಇಂದಿನ ರೇಡಿಯಲ್ ಟಯರ್‌ಗಳಲ್ಲಿ ನೆಲ ಮುಟ್ಟುವ ಭಾಗದ ಕೆಳಗೆ ಉಕ್ಕಿನ ತಂತಿಯ ಪಟ್ಟಿಗಳಿರುತ್ತವೆ. ಸೈಡ್‌ವಾಲ್ ಎಂದು ಕರೆಯಲಾಗುವ ಪಕ್ಕದ ಗೋಡೆಯಲ್ಲಾದರೋ ಆ ರಕ್ಷಣೆ ಇಲ್ಲ. ಕಾರಿನ ಟಯರ್‌ಗಳಲ್ಲಿ ಅಲ್ಲಿರುವುದು ಸಾಮಾನ್ಯವಾಗಿ ಪಾಲಿಯೆಸ್ಟರ್‌ನಂತಹ ಎಳೆಗಳ ಒಂದೆರಡು ಪದರಗಳು ಮಾತ್ರ. ರಸ್ತೆಯ ಏರುಪೇರನ್ನು ಬಾಗಿ ಬಳುಕಿ ತಾಳಿಕೊಳ್ಳಬೇಕಾದ ಭಾಗ ಅದೇ ಆದ್ದರಿಂದ ಅದನ್ನು ತೆಳುವಾಗಿಯೇ ನಿರ್ಮಿಸಲಾಗುತ್ತದೆ.

ಗಾಲಿ ಅಂಚುಗಲ್ಲಿಗೆ ಬಡಿದಾಗ ಈ ಪಕ್ಕದ ಗೋಡೆ ಕಲ್ಲಿನ ಏಣಿಗೂ ರಿಮ್‌ನ ತುಟಿಗೂ ನಡುವೆ ಸಿಕ್ಕಿ, ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತಾಗುತ್ತದೆ. ರಬ್ಬರ್ ಹಿಗ್ಗಿ ಮತ್ತೆ ಮೊದಲಿನಂತಾಗುತ್ತದೆ. ಒಳಗಿನ ಎಳೆಗಳು ತುಂಡಾಗುತ್ತವೆ. ಎಳೆ ತುಂಡಾದ ಜಾಗದಲ್ಲಿ ಒಳಗಿನ ಗಾಳಿಯ ಒತ್ತಡವನ್ನು ತಡೆಯಲು ಬರಿಯ ರಬ್ಬರ್ ಉಳಿಯುವುದರಿಂದ ಅದು ಹೊರಕ್ಕೆ ಉಬ್ಬುತ್ತದೆ. ಕೆಲವೊಮ್ಮೆ ಈ ಉಬ್ಬು ಆಗಿಂದಾಗಲೇ ಕಾಣಿಸುತ್ತದೆ. ಮತ್ತೆ ಕೆಲವೊಮ್ಮೆ ದಿನಗಳೋ ವಾರಗಳೋ ಕಳೆದ ಮೇಲೆ ತಲೆದೋರುತ್ತದೆ. ಟಯರಿನ ಒಳಮೈಯಲ್ಲಿ, ಕಾರಿನ ಕೆಳಭಾಗಕ್ಕೆ ಮುಖ ಮಾಡಿದ ಬದಿಯಲ್ಲಿ ಎದ್ದರಂತೂ ವಾಹನವನ್ನು ಎತ್ತಿ ನೋಡುವವರೆಗೆ ತಿಳಿಯುವುದೇ ಇಲ್ಲ.

ವೇಗದ ಪಾತ್ರ ಇಲ್ಲಿ ಗಮನಾರ್ಹ. ಪೆಟ್ಟಿನ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಬಡಿಯುವುದಕ್ಕಿಂತ 40 ಕಿ.ಮೀ. ವೇಗದಲ್ಲಿ ಬಡಿದಾಗ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಗಾಳಿ ಕಡಿಮೆಯಿರುವ ಟಯರ್ ಬೇಗನೆ ಮಡಚಿಕೊಂಡು ಎಳೆಗಳನ್ನು ರಿಮ್‌ನ ಅಂಚಿಗೆ ಒಪ್ಪಿಸಿಬಿಡುತ್ತದೆ. ಆದ್ದರಿಂದ ತಿಂಗಳುಗಟ್ಟಲೆ ಗಾಳಿಯ ಒತ್ತಡ ಪರೀಕ್ಷಿಸದ ಕಾರಿಗೆ, ಬೇರೊಂದು ಕಾರು ಸುಲಭವಾಗಿ ತಾಳಿಕೊಳ್ಳುವ ಪೆಟ್ಟೂ ಮಾರಕವಾಗಬಹುದು.

ತೆಳುವಾಗುತ್ತ ಬಂದ ಟಯರ್

ಅಂಚುಗಲ್ಲುಗಳು ಹಿಂದೆಯೂ ಇದ್ದವು. ಅವುಗಳಿಗೆ ಕಾರುಗಳು ತಾಗುವುದೂ ಹೊಸತಲ್ಲ. ಹೀಗಿರುವಾಗ ಈ ದೂರು ಇತ್ತೀಚಿನ ವರ್ಷಗಳಲ್ಲಿ ಹೆಚ್ಚಾಗಿ ಕೇಳಿಬರಲು ಕಾರಣವೇನು? ಉತ್ತರದ ಒಂದು ಭಾಗ ಟಯರಿನ ಪಕ್ಕದಲ್ಲೇ ಬರೆದಿರುತ್ತದೆ. 185/65 ಆರ್ 15 ಎಂಬ ಅಳತೆಯಲ್ಲಿ ಮೊದಲ ಸಂಖ್ಯೆ ಟಯರಿನ ಅಗಲವನ್ನು ಮಿಲಿಮೀಟರ್‌ಗಳಲ್ಲಿ ಸೂಚಿಸುತ್ತದೆ; ಎರಡನೆಯದು ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ ಎಷ್ಟು ಎಂಬುದನ್ನು ತಿಳಿಸುತ್ತದೆ; ಕೊನೆಯದು ರಿಮ್‌ನ ವ್ಯಾಸ, ಅಂಗುಲಗಳಲ್ಲಿ. ಅಂದರೆ ಈ ಟಯರಿನ ಪಕ್ಕದ ಗೋಡೆಯ ಎತ್ತರ ಸುಮಾರು 120 ಮಿ.ಮೀ. ದೊಡ್ಡ ರಿಮ್‌ನ ಮೇಲೆ ಕುಳಿತ 225/45 ಆರ್ 17 ಅಳತೆಯ ಟಯರಿನಲ್ಲಿ ಅದು 101 ಮಿ.ಮೀ.ಗೆ ಇಳಿಯುತ್ತದೆ. ಒಂದು ಕಾಲದಲ್ಲಿ ರಸ್ತೆಗಳನ್ನು ಆಳಿದ ಅಂಬಾಸಡರ್ ಕಾರಿನ 5.90-15 ಟಯರಿನಲ್ಲಿ ಈ ಎತ್ತರ ಸುಮಾರು 140 ಮಿ.ಮೀ. ಇತ್ತು.

ರಿಮ್ ದೊಡ್ಡದಾಗಿ ಟಯರ್ ತೆಳುವಾದಂತೆ ಕಾರಿನ ಅಂದ ಹೆಚ್ಚುತ್ತದೆ, ತಿರುವುಗಳಲ್ಲಿ ಹಿಡಿತವೂ ಬಿಗಿಯಾಗುತ್ತದೆ ಎಂಬುದು ನಿಜ. ಆದರೆ ಅಂಚುಗಲ್ಲಿಗೂ ಲೋಹಕ್ಕೂ ನಡುವೆ ಇದ್ದ ಗಾಳಿಯ ದಿಂಬು ಅಷ್ಟರಮಟ್ಟಿಗೆ ತೆಳುವಾಗುತ್ತದೆ. ಮಾರಾಟ ಮಳಿಗೆಯಲ್ಲಿ ಹೆಚ್ಚಿನ ದರ್ಜೆಯ ಮಾದರಿಯನ್ನು ಆರಿಸುವ ಗ್ರಾಹಕ ದೊಡ್ಡ ಅಲಾಯ್ ಗಾಲಿಗೆ ಮನಸೋಲುತ್ತಾನೆ. ಅದೇ ಕಾರಿನ ಕೆಳದರ್ಜೆಯ ಮಾದರಿಗೆ ಕೊಡುವ ಸಣ್ಣ ಉಕ್ಕಿನ ಗಾಲಿ ಮತ್ತು ದಪ್ಪ ಟಯರ್ ನಮ್ಮ ರಸ್ತೆಗಳಿಗೆ ಹೆಚ್ಚು ಹೊಂದುತ್ತದೆ ಎಂದು ಅವನಿಗೆ ಹೇಳುವವರು ವಿರಳ.

ಬಾಗಿದ ಉಕ್ಕು, ಬಿರುಕು ಬಿಟ್ಟ ಅಲಾಯ್

ಟಯರ್ ಪಾರಾದರೂ ರಿಮ್ ಪಾರಾಗುತ್ತದೆ ಎಂದು ಹೇಳಲಾಗದು. ಉಕ್ಕಿನ ರಿಮ್ ಪೆಟ್ಟು ತಿಂದಾಗ ಬಾಗುತ್ತದೆ. ಸಣ್ಣ ಬಾಗನ್ನು ತಟ್ಟಿ ಸರಿಪಡಿಸುವುದೂ ಸಾಧ್ಯ, ಬದಲಾಯಿಸಿದರೂ ಬೆಲೆ ಕಡಿಮೆ. ಅಲ್ಯೂಮಿನಿಯಂ ಮಿಶ್ರಲೋಹದ ಎರಕದ ರಿಮ್ ಹೆಚ್ಚು ಗಡಸು. ಒಂದು ಮಿತಿಯವರೆಗೆ ಅದಕ್ಕೆ ಗೀರಷ್ಟೇ ಬೀಳುತ್ತದೆ. ಆ ಮಿತಿ ದಾಟಿದರೆ ಬಿರುಕು ಬಿಡುತ್ತದೆ.

ಅಲಾಯ್ ಗಾಲಿಗಳು ಅಂಚುಗಲ್ಲಿನ ಪೆಟ್ಟನ್ನು ತಾಳುತ್ತವೆಯೇ ಎಂದು ನೋಡಲೆಂದೇ ಅಂತಾರಾಷ್ಟ್ರೀಯ ಮಾನದಂಡವೊಂದಿದೆ. ಐಎಸ್‌ಒ 7141 ಎಂಬ ಆ ಪರೀಕ್ಷೆಯಲ್ಲಿ ಟಯರ್ ಸಹಿತವಾದ ಗಾಲಿಯನ್ನು 13 ಡಿಗ್ರಿ ಓರೆಯಾಗಿ ಕೂರಿಸಿ, 230 ಮಿ.ಮೀ. ಎತ್ತರದಿಂದ ಭಾರವಾದ ತೂಕವನ್ನು ಅದರ ಅಂಚಿನ ಮೇಲೆ ಬೀಳಿಸಲಾಗುತ್ತದೆ. ಬೀಳಿಸುವ ತೂಕವು ಗಾಲಿ ಹೊರಬಲ್ಲ ಗರಿಷ್ಠ ಭಾರದ ಶೇ. 60ಕ್ಕೆ 180 ಕಿಲೋ ಸೇರಿಸಿದಷ್ಟು. 500 ಕಿಲೋ ಹೊರಬಲ್ಲ ಗಾಲಿಗೆ ಅದು 480 ಕಿಲೋ ಆಗುತ್ತದೆ. ಆ ಎತ್ತರದಿಂದ ಬಿದ್ದ ತೂಕ ಗಾಲಿಯನ್ನು ಮುಟ್ಟುವಾಗಿನ ವೇಗ ಗಂಟೆಗೆ 8 ಕಿ.ಮೀ.ಗಿಂತಲೂ ಕಡಿಮೆ. ಗಾಲಿಯ ನಡುಭಾಗ ಆರಪಾರ ಬಿರಿಯಬಾರದು, ನಡುಭಾಗ ರಿಮ್‌ನಿಂದ ಬೇರ್ಪಡಬಾರದು, ಒಂದು ನಿಮಿಷದೊಳಗೆ ಗಾಳಿಯೆಲ್ಲ ಸೋರಿಹೋಗಬಾರದು: ಇವು ಉತ್ತೀರ್ಣತೆಯ ಷರತ್ತುಗಳು. ಗಾಲಿ ಬಾಗಿದರೆ ಮಾತ್ರಕ್ಕೆ ಅನುತ್ತೀರ್ಣವೆಂದು ಎಣಿಸುವುದಿಲ್ಲ. ಪೆಟ್ಟು ತಿಂದ ಗಾಲಿ ಒಡನೆಯೇ ಕೈಕೊಡಬಾರದು ಎಂಬುದಷ್ಟೇ ಪರೀಕ್ಷೆಯ ಆಶಯ. ಆ ಬಳಿಕವೂ ಅದನ್ನೇ ವರ್ಷಗಟ್ಟಲೆ ಓಡಿಸಬಹುದು ಎಂಬ ಭರವಸೆಯನ್ನು ಅದು ನೀಡುವುದಿಲ್ಲ.

ಈ ಕಾರಣದಿಂದ ಬಾಗಿದ ಅಲಾಯ್‌ಗೆ ಶಾಖ ಕೊಟ್ಟು ಒತ್ತಿ ನೇರ ಮಾಡುವ, ಬಿರುಕಿಗೆ ಬೆಸುಗೆ ಹಾಕುವ ಅಂಗಡಿಗಳ ಕೆಲಸವನ್ನು ಎಚ್ಚರದಿಂದ ನೋಡಬೇಕಾಗುತ್ತದೆ. ಈ ರಿಮ್‌ಗಳಲ್ಲಿ ಬಹುಪಾಲು ತಮ್ಮ ಬಲವನ್ನು ಪಡೆಯುವುದು ಕಾರ್ಖಾನೆಯಲ್ಲಿ ನಡೆಯುವ ನಿಯಂತ್ರಿತ ಶಾಖೋಪಚಾರದಿಂದ. ಗ್ಯಾಸ್ ಜ್ವಾಲೆಯಲ್ಲಿ ಕಾಯಿಸಿದ ಅಥವಾ ಬೆಸುಗೆ ಹಾಕಿದ ಜಾಗದಲ್ಲಿ ಆ ಗುಣ ನಷ್ಟವಾಗುತ್ತದೆ. ಹೊರಮೈಯ ಗೀರನ್ನು ಉಜ್ಜಿ ಬಣ್ಣ ಬಳಿಯುವುದರಲ್ಲಿ ತಪ್ಪಿಲ್ಲ. ಕಡ್ಡಿಗಳಿಗೆ ಅಥವಾ ಬೋಲ್ಟ್ ಕೂರುವ ನಡುಭಾಗಕ್ಕೆ ಬಿರುಕು ತಗುಲಿದ ರಿಮ್‌ನ ಸ್ಥಾನ ಗುಜರಿಯೇ. ದುರಸ್ತಿಯ ಗುಣಮಟ್ಟವನ್ನು ಅಳೆಯುವ ಅಧಿಕೃತ ವ್ಯವಸ್ಥೆ ಗಲ್ಲಿಯ ಅಂಗಡಿಗಳನ್ನು ಮುಟ್ಟಿಲ್ಲವಾದ್ದರಿಂದ, ಬಣ್ಣದ ಕೆಳಗೆ ಏನಿದೆ ಎಂಬುದು ಬೆಸುಗೆ ಹಾಕಿದವನಿಗೆ ಮಾತ್ರ ಗೊತ್ತು.

ಮಾಡಬೇಕಾದುದೇನು?

ಗಾಲಿ ಬಲವಾಗಿ ಬಡಿದಾಗ ಹೆಚ್ಚಿನ ಚಾಲಕರು ಮಾಡುವುದು ಒಂದೇ. ಕಾರು ಓಡುತ್ತಿದೆ ಎಂದಾದರೆ ಮುಂದಕ್ಕೆ ಸಾಗುತ್ತಾರೆ. ಹಿಂದಿನಿಂದ ಹಾರ್ನ್ ಮಾಡುವವರ ನಡುವೆ ಅದು ಸಹಜವೂ ಹೌದು. ಆದರೆ ಮೊದಲ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಐದು ನಿಮಿಷ ವ್ಯಯಿಸುವುದು ಅಗತ್ಯ. ಟಯರಿನ ಪಕ್ಕದಲ್ಲಿ ಸೀಳು, ಕಿತ್ತ ರಬ್ಬರ್, ಹೊರಬಂದ ಎಳೆ ಅಥವಾ ಉಬ್ಬು ಇದೆಯೇ, ರಿಮ್‌ನ ಅಂಚು ಬಾಗಿದೆಯೇ, ಗಾಳಿ ಸೋರುವ ಸದ್ದು ಬರುತ್ತಿದೆಯೇ ಎಂದು ನೋಡಬೇಕು. ಇವುಗಳಲ್ಲಿ ಯಾವುದಾದರೂ ಕಂಡರೆ ಹೆಚ್ಚುವರಿ ಗಾಲಿ ಹಾಕಿಯೇ ಮುಂದೆ ಹೋಗಬೇಕು. ಏನೂ ಕಾಣದಿದ್ದರೂ ಮರುದಿನ ಬೆಳಿಗ್ಗೆ ಟಯರ್ ತಣ್ಣಗಿರುವಾಗ ಗಾಳಿಯ ಒತ್ತಡವನ್ನು ಅಳೆದು, ಎದುರು ಬದಿಯ ಗಾಲಿಯೊಂದಿಗೆ ಹೋಲಿಸುವುದು ಒಳ್ಳೆಯದು.

ಸಿಡಿಮಿಡಿಗೊಳ್ಳುವ ಮೊದಲು ಒಂದು ವ್ಯತ್ಯಾಸ ತಿಳಿದಿರಬೇಕು. ಪಕ್ಕದ ಗೋಡೆಯಲ್ಲಿ ಮೇಲಿನಿಂದ ಕೆಳಕ್ಕೆ ಸಣ್ಣ ತಗ್ಗಿನ ಗೆರೆ ಕಂಡರೆ ಅದು ಒಳಪದರಗಳ ಜೋಡಣೆಯ ಗುರುತಾಗಿದ್ದು ಸಾಮಾನ್ಯವಾಗಿ ನಿರಪಾಯಕಾರಿ. ಹೊರಕ್ಕೆ ಉಬ್ಬಿದ ಗುಳ್ಳೆ ಮಾತ್ರ ಎಳೆ ತುಂಡಾದುದರ ಲಕ್ಷಣ. ಅದಕ್ಕೆ ದುರಸ್ತಿ ಎಂಬುದಿಲ್ಲ. ಟ್ರೆಡ್‌ಗೆ ಚುಚ್ಚಿದ ಮೊಳೆಯ ರಂಧ್ರವನ್ನು ಮುಚ್ಚಬಹುದು, ಏಕೆಂದರೆ ಅಲ್ಲಿ ಉಕ್ಕಿನ ಪಟ್ಟಿ ಆಧಾರವಾಗಿದೆ. ಪ್ರತಿ ಸುತ್ತಿನಲ್ಲೂ ಮಡಚಿ ಬಿಚ್ಚುವ ಪಕ್ಕದ ಗೋಡೆಗೆ ಹಾಕಿದ ತೇಪೆ ತುಂಡಾದ ಎಳೆಯನ್ನು ಮತ್ತೆ ಕೂಡಿಸಲಾರದು.

ಗಾಲಿಯ ಆಚೆಗೂ ಪೆಟ್ಟು ಹಬ್ಬಿರಬಹುದು. ನೇರ ರಸ್ತೆಯಲ್ಲಿ ಕಾರು ಒಂದು ಬದಿಗೆ ಎಳೆಯುವುದು, ಸ್ಟಿಯರಿಂಗ್ ಚಕ್ರ ಓರೆಯಾಗಿ ನಿಲ್ಲುವುದು ಗಾಲಿಗಳ ಜೋಡಣೆ ತಪ್ಪಿದುದರ ಗುರುತು. ಟೈ ರಾಡ್ ಅಥವಾ ಕೆಳತೋಳು ಬಾಗಿದ್ದರೆ ಬರಿಯ ಅಲೈನ್‌ಮೆಂಟ್ ಮಾಡಿಸಿದರೆ ಸಾಲದು, ಭಾಗವನ್ನೇ ಬದಲಾಯಿಸಬೇಕು. ನಿರ್ದಿಷ್ಟ ವೇಗದಲ್ಲಿ ಸ್ಟಿಯರಿಂಗ್ ನಡುಗಿದರೆ ರಿಮ್ ಬಾಗಿರುವ ಅಥವಾ ಸಮತೋಲನ ತಪ್ಪಿರುವ ಸಾಧ್ಯತೆ ಹೆಚ್ಚು. ವೇಗದೊಂದಿಗೆ ಏರುವ ಗುಂಯ್‌ಗುಡುವ ಸದ್ದು ಬೇರಿಂಗ್‌ನತ್ತ ಬೆರಳು ತೋರಿಸುತ್ತದೆ. ಹೀಗಾಗಿ ಕಾರ್ಯಾಗಾರದಲ್ಲಿ ಕಂಪ್ಯೂಟರ್ ಪರದೆಯ ಮೇಲಿನ ಹಸಿರು ಅಂಕಿಗಳಿಗೆ ತೃಪ್ತರಾಗದೆ, ಟಯರನ್ನು ರಿಮ್‌ನಿಂದ ಬಿಚ್ಚಿಸಿ ಒಳಮೈ ನೋಡಿಸಬೇಕು. ಒಂದೇ ಟಯರ್ ಬದಲಾಯಿಸುವುದಾದರೆ ಅದೇ ಅಚ್ಚಿನ ಇನ್ನೊಂದು ಟಯರ್ ಬಹಳ ಸವೆದಿರಬಾರದು. ಸವೆದಿದ್ದರೆ ಜೋಡಿಯಾಗಿ ಬದಲಾಯಿಸುವುದೇ ಕ್ಷೇಮ.

ನೂರರ ವೇಗದಲ್ಲಿ ಉಬ್ಬು

ಉಬ್ಬಿದ ಟಯರ್ ನಗರದ ಮಂದಗತಿಯ ಸಂಚಾರದಲ್ಲಿ ಎಷ್ಟೋ ದಿನ ಓಡಬಹುದು. ಮಾಲೀಕನಿಗೆ ಧೈರ್ಯ ಬರುವುದು ಇದರಿಂದಲೇ. ಅಪಾಯ ಎದುರಾಗುವುದು ಅದೇ ಕಾರು ವಾರಾಂತ್ಯಕ್ಕೆ ಬೆಂಗಳೂರು-ಮೈಸೂರು ಹೆದ್ದಾರಿಗೆ ಇಳಿದಾಗ. 15 ಅಂಗುಲ ರಿಮ್‌ನ ಸಾಮಾನ್ಯ ಟಯರಿನ ಸುತ್ತಳತೆ 2 ಮೀಟರ್‌ಗಿಂತ ತುಸು ಕಡಿಮೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಅದು ನಿಮಿಷಕ್ಕೆ ಸುಮಾರು 850 ಸುತ್ತು ತಿರುಗುತ್ತದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ, ಸುಮಾರು 118 ಕಿ.ಮೀ. ಉದ್ದದ ಆ ಹೆದ್ದಾರಿಯನ್ನು ಒಂದು ಸಲ ಕ್ರಮಿಸುವಷ್ಟರಲ್ಲಿ 60 ಸಾವಿರ ಸುತ್ತು. ಪ್ರತಿ ಸುತ್ತಿನಲ್ಲೂ ಉಬ್ಬಿದ ಜಾಗ ಒಮ್ಮೆ ಮಡಚಿ ಬಿಚ್ಚುತ್ತದೆ, ಕಾಯುತ್ತದೆ, ಅಕ್ಕಪಕ್ಕದ ಎಳೆಗಳನ್ನು ಎಳೆಯುತ್ತದೆ. ಸಿಡಿತ ಯಾವ ಸುತ್ತಿನಲ್ಲಿ ಎಂಬುದನ್ನು ಹೇಳಲಾಗದು ಅಷ್ಟೆ.

ಗಾಳಿಯ ಒತ್ತಡ ತೋರಿಸುವ ಟಿಪಿಎಂಎಸ್ ವ್ಯವಸ್ಥೆ ಈ ಅಪಾಯವನ್ನು ಮೊದಲೇ ತಿಳಿಸಲಾರದು. ಉಬ್ಬಿದ ಟಯರಿನಲ್ಲೂ ಗಾಳಿ ಪೂರ್ಣವಾಗಿಯೇ ಇರುತ್ತದೆ. ಪರದೆಯಲ್ಲಿ ಯಾವ ಎಚ್ಚರಿಕೆಯೂ ಮೂಡುವುದಿಲ್ಲ.

ಇಲ್ಲಿ 2020ರ ಒಂದು ನಿಯಮ ಬದಲಾವಣೆಯನ್ನು ನೆನೆಯಬೇಕು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಆ ವರ್ಷದ ಅಕ್ಟೋಬರ್ 1ರಿಂದ, ಟ್ಯೂಬ್‌ರಹಿತ ಟಯರ್, ಟಿಪಿಎಂಎಸ್ ಮತ್ತು ಟಯರ್ ದುರಸ್ತಿ ಕಿಟ್ ಇರುವ 3.5 ಟನ್ ಒಳಗಿನ ಪ್ರಯಾಣಿಕ ವಾಹನಗಳಿಗೆ ಹೆಚ್ಚುವರಿ ಗಾಲಿ ಕಡ್ಡಾಯವಲ್ಲ. ವಿದ್ಯುತ್ ವಾಹನಗಳಲ್ಲಿ ಬ್ಯಾಟರಿಗೆ ಹೆಚ್ಚು ಜಾಗ ದೊರೆಯಲಿ ಎಂಬ ಉದ್ದೇಶವನ್ನೂ ಆಗ ಹೇಳಲಾಗಿತ್ತು. ಮೊಳೆ ಚುಚ್ಚಿದ ಸಣ್ಣ ರಂಧ್ರಕ್ಕೆ ಕಿಟ್‌ನಲ್ಲಿರುವ ಅಂಟುದ್ರವ ಸಾಕು. ಪಕ್ಕದ ಗೋಡೆ ಸೀಳಿದಾಗ, ರಿಮ್ ಬಾಗಿ ಟಯರ್ ಅದರಿಂದ ಬಿಟ್ಟುಕೊಂಡಾಗ ಆ ಕಿಟ್ ನಿಷ್ಪ್ರಯೋಜಕ. ನಿಯಮ ರೂಪಿಸುವಾಗ ಕಣ್ಣ ಮುಂದಿದ್ದುದು ಮೊಳೆ. ಅಂಚುಗಲ್ಲನ್ನು ಯಾರೂ ನೆನೆದಂತಿಲ್ಲ. ಹೆಚ್ಚುವರಿ ಗಾಲಿ ಇಲ್ಲದ ಕಾರನ್ನು ಕೊಳ್ಳುವವರು ರಾತ್ರಿ ಹೊತ್ತು ಚಾರ್ಮಾಡಿ ಅಥವಾ ಶಿರಾಡಿ ಘಾಟಿಯಲ್ಲಿ ತೂಗುವಾಹನಕ್ಕೆ ಕಾದು ನಿಲ್ಲುವ ಸಾಧ್ಯತೆಯನ್ನೂ ಬೆಲೆಯೊಂದಿಗೆ ಕೂಡಿಸಿ ನೋಡಬೇಕು.

ವಿಮೆಯ ಲೆಕ್ಕ

ಸಮಗ್ರ ವಿಮೆ ಇದೆ ಎಂಬ ಸಮಾಧಾನ ಈ ವಿಷಯದಲ್ಲಿ ಹೆಚ್ಚು ಹೊತ್ತು ಉಳಿಯದು. ಖಾಸಗಿ ಕಾರಿನ ಪ್ರಮಾಣಿತ ವಿಮಾ ಪತ್ರದ ಪ್ರಕಾರ, ಅದೇ ವೇಳೆ ವಾಹನಕ್ಕೂ ಹಾನಿಯಾಗದಿದ್ದರೆ ಟಯರ್ ಮತ್ತು ಟ್ಯೂಬ್‌ಗಳ ಹಾನಿಗೆ ಕಂಪೆನಿ ಹೊಣೆಯಲ್ಲ. ಹಾನಿಯಾಗಿದ್ದರೂ ಹೊಸ ಟಯರಿನ ಬೆಲೆಯ ಶೇ. 50ರಷ್ಟು ಮಾತ್ರ ಸಿಗುತ್ತದೆ. ಕೇವಲ ಮೂರನೇ ವ್ಯಕ್ತಿಯ ವಿಮೆ ಮಾಡಿಸಿದವರಿಗೆ ಅದೂ ಇಲ್ಲ.

ಒಂದು ಉದಾಹರಣೆಯಿಂದ ಇದನ್ನು ತಿಳಿಯಬಹುದು. ಟಯರಿನ ಬೆಲೆ 7,000 ರೂ. ಎಂದಿಟ್ಟುಕೊಳ್ಳೋಣ. ವಾಹನಕ್ಕೂ ಹಾನಿಯಾಗಿದೆ ಎಂದು ಸಮೀಕ್ಷಕರು ಒಪ್ಪಿದರೆ 3,500 ರೂ. ಲೆಕ್ಕಕ್ಕೆ ಬರುತ್ತದೆ. 1,500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲಿ ಮಾಲೀಕನೇ ಭರಿಸಬೇಕಾದ ಕಡ್ಡಾಯ ಮೊತ್ತ 1,000 ರೂ. ಕಳೆದರೆ ಕೈಗೆ ಬರುವುದು 2,500 ರೂ. ಇನ್ನು ಕ್ಲೇಮು ಮಾಡದವರಿಗೆ ಸಿಗುವ ನೋ ಕ್ಲೇಮ್ ಬೋನಸ್ ನೋಡೋಣ. ಅದು ಮೊದಲ ವರ್ಷಕ್ಕೆ ಶೇ. 20ರಿಂದ ಆರಂಭವಾಗಿ 25, 35, 45 ಎಂದು ಏರುತ್ತ ಐದನೇ ವರ್ಷಕ್ಕೆ ಶೇ. 50 ಮುಟ್ಟುತ್ತದೆ. ಮೂರು ವರ್ಷ ಕ್ಲೇಮು ಮಾಡದೆ ನಾಲ್ಕನೆಯದರಲ್ಲಿ ಮಾಡಿದವನು ಮುಂದಿನ ನವೀಕರಣದಲ್ಲಿ ಸಿಗಬೇಕಿದ್ದ ಶೇ. 45ರ ರಿಯಾಯಿತಿಯನ್ನು ಕಳೆದುಕೊಳ್ಳುತ್ತಾನೆ. ಸ್ವಂತ ಹಾನಿಯ ಪ್ರೀಮಿಯಂ 8,000 ರೂ. ಇದ್ದರೆ ಆ ನಷ್ಟ 3,600 ರೂ. ಪಡೆದುದಕ್ಕಿಂತ ತೆತ್ತುದೇ ಹೆಚ್ಚು. ಟಯರ್ ರಕ್ಷಣೆಯ ಪ್ರತ್ಯೇಕ ಹೆಚ್ಚುವರಿ ವಿಮೆಗಳು ಮಾರುಕಟ್ಟೆಯಲ್ಲಿವೆ ನಿಜ. ಹೊಸ ಕಾರಿನ ದುಬಾರಿ ಟಯರ್‌ಗಳಿಗೆ ಅವು ಉಪಯುಕ್ತವೂ ಹೌದು. ಹಳೆಯ ಕಾರಿನ ಮಾಲೀಕನಿಗೆ, ಅದರಲ್ಲೂ ದಿನದ ದುಡಿಮೆ ನಂಬಿದ ಟ್ಯಾಕ್ಸಿ ಚಾಲಕನಿಗೆ ಅವುಗಳ ಪ್ರಯೋಜನ ತಲುಪುವುದು ಕಡಿಮೆ.

ಟಯರ್ ತಯಾರಕರ ಖಾತರಿಯೂ ಇಲ್ಲಿ ನೆರವಿಗೆ ಬಾರದು. ಅದು ಸಾಮಾನ್ಯವಾಗಿ ತಯಾರಿಕೆಯ ದೋಷಕ್ಕೆ ಸೀಮಿತ. ಪೆಟ್ಟಿನಿಂದ ಎದ್ದ ಉಬ್ಬನ್ನು ರಸ್ತೆಯ ಅಪಾಯ ಎಂದು ಬೇರ್ಪಡಿಸಿ, ಪ್ರತ್ಯೇಕ ಯೋಜನೆ ಇಲ್ಲದಿದ್ದರೆ ತಿರಸ್ಕರಿಸಲಾಗುತ್ತದೆ. ಇಷ್ಟೆಲ್ಲ ಬಾಗಿಲುಗಳು ಮುಚ್ಚಿದಾಗ ಸಾಮಾನ್ಯ ಮಾಲೀಕ ಎರಡರಲ್ಲಿ ಒಂದು ದಾರಿ ಹಿಡಿಯುತ್ತಾನೆ: ಉಬ್ಬಿದ ಟಯರಿನಲ್ಲೇ ಇನ್ನಷ್ಟು ದಿನ ಓಡಿಸುತ್ತಾನೆ, ಇಲ್ಲವೇ ಇತಿಹಾಸ ತಿಳಿಯದ ಹಳೆಯ ಟಯರ್ ಕೊಂಡು ಹಾಕುತ್ತಾನೆ. ಎರಡೂ ಅಪಾಯದ ದಾರಿಗಳೇ.

ಅಂಚುಗಲ್ಲು ಶತ್ರುವಲ್ಲ

ಇಷ್ಟರಿಂದ ಅಂಚುಗಲ್ಲುಗಳನ್ನೇ ಕಿತ್ತುಹಾಕಬೇಕು ಎಂದು ವಾದಿಸುವುದು ಸರಿಯಾಗದು. ಪಾದಚಾರಿಗೂ ನುಗ್ಗಿ ಬರುವ ವಾಹನಕ್ಕೂ ನಡುವೆ ನಮ್ಮ ನಗರಗಳಲ್ಲಿ ಉಳಿದಿರುವ ತಡೆ ಅದೊಂದೇ. ಗಾಲಿಗೆ ನೋವಾಗುವುದರಿಂದಲೇ ಚಾಲಕ ಅದರಿಂದ ದೂರ ಇರುತ್ತಾನೆ. ಪ್ರಶ್ನೆ ಇರುವುದು ಅದರ ಎತ್ತರ, ಆಕಾರ ಮತ್ತು ಕಾಣುವಿಕೆಯ ಬಗ್ಗೆ.

ಈ ಬಗ್ಗೆ ಮಾನದಂಡಗಳಿಗೆ ಕೊರತೆಯಿಲ್ಲ. ವಾಹನ ಹತ್ತಬಹುದಾದ ಕಡೆ ಸುಮಾರು 100 ಮಿ.ಮೀ. ಎತ್ತರದ ಓರೆಗಲ್ಲು, ಪಾದಚಾರಿಗಳಿರುವ ಕಡೆ 150 ಮಿ.ಮೀ. ಎತ್ತರದ, ಮೇಲ್ಭಾಗ ಓರೆಯಾದ ಕಲ್ಲು, ವಾಹನವನ್ನು ತಡೆಯಲೇಬೇಕಾದ ಕಡೆ 200 ಮಿ.ಮೀ. ಎತ್ತರದ ಕಡಿದಾದ ಕಲ್ಲು ಎಂಬ ವಿಂಗಡಣೆ ಭಾರತದ ರಸ್ತೆ ಎಂಜಿನಿಯರಿಂಗ್ ಪಠ್ಯಗಳಲ್ಲಿ ದಶಕಗಳಿಂದ ಇದೆ. ಪಾದಚಾರಿ ಸೌಲಭ್ಯಗಳ ಕುರಿತ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಮಾರ್ಗಸೂಚಿಯೂ ಫುಟ್‌ಪಾತ್‌ನ ಅಂಚು 150 ಮಿ.ಮೀ. ಮೀರಬಾರದು ಎನ್ನುತ್ತದೆ. ಅದಕ್ಕಿಂತ ಎತ್ತರವಾದರೆ ವೃದ್ಧರಿಗೂ ಅಂಗವಿಕಲರಿಗೂ ಹತ್ತಿ ಇಳಿಯುವುದು ಕಷ್ಟ. ಗಾಲಿಯ ಕ್ಷೇಮವೂ ವೃದ್ಧರ ಮೊಣಕಾಲಿನ ಕ್ಷೇಮವೂ ಇಲ್ಲಿ ಒಂದೇ ಅಳತೆಯಲ್ಲಿ ಕೂಡುತ್ತವೆ ಎಂಬುದು ಗಮನಿಸತಕ್ಕ ಅಂಶ.

ವಾಸ್ತವ ಬೇರೆಯೇ ಇದೆ. ಬೆಂಗಳೂರಿನ ಎಷ್ಟೋ ಫುಟ್‌ಪಾತ್‌ಗಳು ಮಳೆನೀರು ಚರಂಡಿಯ ಮೇಲಿನ ಹಾಸುಗಲ್ಲುಗಳೇ ಆಗಿರುವುದರಿಂದ ಅವುಗಳ ಎತ್ತರ ಚರಂಡಿಯ ಎತ್ತರವನ್ನು ಅವಲಂಬಿಸಿದೆ. ಹಳೆಯ ಪದರ ಕೆರೆದು ತೆಗೆಯದೆ ಮತ್ತೆ ಮತ್ತೆ ಡಾಂಬರು ಹಾಕಿದ ಕಡೆ ಅಂಚು ಹೂತುಹೋಗಿದೆ. ಕೆರೆದು ತೆಗೆದು ಹಾಗೆಯೇ ಬಿಟ್ಟ ಕಡೆ ದಿಢೀರನೆ ಎತ್ತರವಾಗಿದೆ. ತಿರುವಿನಲ್ಲಿ ರಸ್ತೆ ವಿಭಜಕದ ಮೂಗು ಯಾವ ಪ್ರತಿಫಲಕವೂ ಇಲ್ಲದೆ ಆರಂಭವಾಗುತ್ತದೆ. ಕಪ್ಪು-ಬಿಳುಪು ಪಟ್ಟೆಯ ಬಣ್ಣ ಮಾಸಿದ ಮೇಲೆ, ಬೀದಿದೀಪ ಕೆಟ್ಟ ರಾತ್ರಿಯಲ್ಲಿ, ಮಳೆನೀರು ನಿಂತಾಗ ಅದು ಚಾಲಕನಿಗೆ ಕಾಣುವುದು ಬಡಿದ ನಂತರವೇ. ಒಡೆದ ಗ್ರಾನೈಟ್ ಕಲ್ಲಿನ ಮೊನಚು ಅಂಚಂತೂ ಟಯರಿಗೆ ಚಾಕುವಿದ್ದಂತೆ.

ಹೊಣೆಯ ಪ್ರಶ್ನೆ

ಕಾನೂನಿನ ಗಮನ ಇದುವರೆಗೆ ಸಾವು-ಗಾಯಗಳ ಮೇಲೆ ನೆಟ್ಟಿದೆ. ಅದು ನ್ಯಾಯವೂ ಹೌದು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಲಾದ 198-ಎ ಸೆಕ್ಷನ್, ರಸ್ತೆಯ ವಿನ್ಯಾಸ ಅಥವಾ ನಿರ್ವಹಣೆಯ ಮಾನದಂಡ ಪಾಲಿಸದ ಪ್ರಾಧಿಕಾರ, ಗುತ್ತಿಗೆದಾರ ಮತ್ತು ಸಲಹೆಗಾರರಿಗೆ 1 ಲಕ್ಷ ರೂ.ವರೆಗೆ ದಂಡ ವಿಧಿಸಲು ಅವಕಾಶ ಕಲ್ಪಿಸಿದೆ. ಆದರೆ ಆ ಲೋಪದಿಂದ ಸಾವು ಅಥವಾ ಅಂಗವೈಕಲ್ಯ ಸಂಭವಿಸಿರಬೇಕು. ರಸ್ತೆಗಳ ಸುಸ್ಥಿತಿ ನಾಗರಿಕರ ಹಕ್ಕು, ಅದರ ಕೊರತೆಯಿಂದ ತೊಂದರೆಗೊಳಗಾದವರು ಪರಿಹಾರ ಕೇಳಬಹುದು ಎಂದು ಕರ್ನಾಟಕ ಹೈಕೋರ್ಟ್ 2019ರಲ್ಲಿ ಹೇಳಿತು. ಬಾಂಬೆ ಹೈಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಇನ್ನೂ ಮುಂದೆ ಹೋಗಿ, ರಸ್ತೆಗುಂಡಿ ಅಥವಾ ತೆರೆದ ಮ್ಯಾನ್‌ಹೋಲ್‌ನಿಂದ ಸಾವಾದರೆ 6 ಲಕ್ಷ ರೂ., ಗಾಯವಾದರೆ 50 ಸಾವಿರದಿಂದ 2.5 ಲಕ್ಷ ರೂ. ಪರಿಹಾರ ನಿಗದಿಪಡಿಸಿತು.

ಇದೇ ಬಾಂಬೆ ಹೈಕೋರ್ಟ್ 2023ರಲ್ಲಿ ನೀಡಿದ ಇನ್ನೊಂದು ತೀರ್ಪು ನಾಣ್ಯದ ಇನ್ನೊಂದು ಮುಖವನ್ನು ತೋರಿಸುತ್ತದೆ. 2010ರಲ್ಲಿ ಪುಣೆಯಿಂದ ಮುಂಬೈಗೆ ಹೊರಟಿದ್ದ ಕಾರಿನ ಹಿಂದಿನ ಟಯರ್ ಸಿಡಿದು ಪ್ರಯಾಣಿಕರೊಬ್ಬರು ಮೃತಪಟ್ಟ ಪ್ರಕರಣವದು. ಟಯರ್ ಸಿಡಿದುದು ದೈವಿಕ ಘಟನೆ, ಆದ್ದರಿಂದ ತಾನು ಹೊಣೆಯಲ್ಲ ಎಂದು ವಿಮಾ ಕಂಪೆನಿ ವಾದಿಸಿತ್ತು. ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಟಯರ್ ಸಿಡಿಯುವುದಕ್ಕೆ ಅತಿವೇಗ, ಗಾಳಿಯ ಹೆಚ್ಚು-ಕಡಿಮೆ, ಹಳೆಯ ಟಯರಿನಂತಹ ಮಾನವ ಕಾರಣಗಳಿರುತ್ತವೆ. ಪ್ರಯಾಣಕ್ಕೆ ಮುನ್ನ ಟಯರಿನ ಸ್ಥಿತಿ ನೋಡುವುದು ಚಾಲಕ ಅಥವಾ ಮಾಲೀಕನ ಕರ್ತವ್ಯ ಎಂದು ಅಭಿಪ್ರಾಯಪಟ್ಟಿತು.

ಸಂತ್ರಸ್ತರ ದೃಷ್ಟಿಯಿಂದ ಇದು ಸ್ವಾಗತಾರ್ಹ ತೀರ್ಪು. ಟಯರಿನ ಗಾಯವನ್ನು ಬಲ್ಲ ಮಾಲೀಕ ಅದನ್ನು ಕಡೆಗಣಿಸಿ ಹೆದ್ದಾರಿಗೆ ಇಳಿಯುವುದು ನಿಶ್ಚಯವಾಗಿಯೂ ಅಲಕ್ಷ್ಯವೇ. ಆದರೆ ಎರಡು ಸಾಲುಗಳನ್ನು ಕೂಡಿಸಿ ಓದಿದಾಗ ಕಾಣುವ ಚಿತ್ರ ಸಮಾಧಾನಕರವಲ್ಲ. ಗಾಯ ಮಾಡಿದ ರಸ್ತೆ ಸಾವು ಸಂಭವಿಸುವವರೆಗೆ ಉತ್ತರಿಸಬೇಕಾಗಿಲ್ಲ. ಗಾಯ ವಾಸಿ ಮಾಡುವ ವೆಚ್ಚದಲ್ಲಿ ವಿಮೆಗೆ ಹೆಚ್ಚಿನ ಪಾಲಿಲ್ಲ. ಖಾಸಗಿ ಕಾರಿಗೆ ನೋಂದಣಿಯಾದ 15 ವರ್ಷಗಳವರೆಗೆ ಕಡ್ಡಾಯ ಅರ್ಹತಾ ಪರೀಕ್ಷೆಯೂ ಇಲ್ಲದ್ದರಿಂದ ಉಬ್ಬಿದ ಟಯರನ್ನು ಅಧಿಕಾರಿಯೊಬ್ಬ ನೋಡುವ ಸಂದರ್ಭವೇ ಬರುವುದಿಲ್ಲ. ಕೊನೆಗೆ ಎಲ್ಲವೂ ಬಂದು ನಿಲ್ಲುವುದು ಒಬ್ಬ ವ್ಯಕ್ತಿಯ ತಿಳಿವಳಿಕೆ ಮತ್ತು ಜೇಬಿನ ಮೇಲೆ.

ಬದಲಾವಣೆಗೆ ಭಾರೀ ಹಣವೇನೂ ಬೇಕಾಗಿಲ್ಲ. ವಿಭಜಕಗಳ ಮೂಗಿಗೆ ಪ್ರತಿಫಲಕ ಅಳವಡಿಸುವುದು, ಒಡೆದ ಅಂಚುಗಲ್ಲನ್ನು ಬದಲಾಯಿಸುವುದು, ಹೊಸ ಡಾಂಬರಿನ ಬಿಲ್ಲು ಪಾಸು ಮಾಡುವ ಮೊದಲು ಅಂಚಿನ ಎತ್ತರವನ್ನು ಅಳತೆಪಟ್ಟಿ ಹಿಡಿದು ನೋಡುವುದು ಎಂಜಿನಿಯರ್‌ಗಳ ದೈನಂದಿನ ಕೆಲಸದೊಳಗೇ ಬರುತ್ತವೆ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಜಾಗದಲ್ಲಿ 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರಡಿ ಐದು ಪಾಲಿಕೆಗಳು ಬಂದಿರುವುದರಿಂದ, ಯಾವ ರಸ್ತೆಯ ಅಂಚು ಯಾರ ಹೊಣೆ ಎಂಬುದನ್ನು ಬಿಡಿಸಿ ಹೇಳುವ ಅಗತ್ಯ ಹಿಂದೆಂದಿಗಿಂತ ಹೆಚ್ಚಾಗಿದೆ. ಗಾಲಿಗೆ ಪೆಟ್ಟಾದ ಜಾಗವನ್ನು ಚಿತ್ರಸಹಿತ ತಿಳಿಸಲು ದೂರು ವ್ಯವಸ್ಥೆಯಲ್ಲಿ ಪ್ರತ್ಯೇಕ ಕಾಲಂ ಇದ್ದರೆ, ಒಂದೇ ತಿರುವಿನಲ್ಲಿ ಪದೇಪದೇ ಟಯರ್ ಒಡೆಯುತ್ತಿದೆ ಎಂಬುದು ಯಾರಾದರೂ ಸಾಯುವ ಮುನ್ನವೇ ತಿಳಿಯುತ್ತದೆ.

ಅಲ್ಲಿಯವರೆಗೆ ಮಾಲೀಕನಿಗೆ ಉಳಿಯುವ ಉಪಾಯ ಸರಳವಾದುದು: ತಿಂಗಳಿಗೊಮ್ಮೆ ಗಾಳಿಯ ಒತ್ತಡ ನೋಡುವುದು, ಪೆಟ್ಟು ಬಿದ್ದ ಗಾಲಿಯನ್ನು ಬಿಚ್ಚಿಸಿ ಪರೀಕ್ಷಿಸುವುದು, ಉಬ್ಬು ಕಂಡ ಟಯರಿನಲ್ಲಿ ಹೆದ್ದಾರಿಗೆ ಇಳಿಯದಿರುವುದು. ತೆರಿಗೆ ಇಳಿಕೆಯಿಂದ ಟಯರಿನ ಬೆಲೆ ತುಸು ತಗ್ಗಿರುವ ಈ ಹೊತ್ತಿನಲ್ಲಿ ಅದಕ್ಕೆ ತಗಲುವ ಖರ್ಚು, ಆಸ್ಪತ್ರೆಯ ಮೊದಲ ದಿನದ ಖರ್ಚಿಗಿಂತ ಹೆಚ್ಚಾಗಲಾರದು.